ಆಡು ಹೋಯಿತು, ಮೊಲ ಹೋಯಿತು, ಆಮೆ ಬಂತು: ರೌಂಡ್ ಐಲ್ಯಾಂಡ್ ಎಂಬ ಪ್ರಕರಣ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನರ್ಸರಿಗೆ ಹೋಗಿ ಬಾಟಲ್ ಪಾಮ್ ಕೇಳಿದರೆ ಎರಡು ಬಗೆಯ ಗಿಡ ತೋರಿಸುತ್ತಾರೆ. ಒಂದು ಕಚೇರಿ, ಕಾಲೇಜುಗಳ ಮುಂದೆ ಸಾಲಾಗಿ ನಿಲ್ಲುವ ಎತ್ತರದ ರಾಯಲ್ ಪಾಮ್. ಜನ ಅದನ್ನೂ ಬಾಟಲ್ ಪಾಮ್ ಎಂದೇ ಕರೆಯುತ್ತಾರೆ. ಇನ್ನೊಂದು ನಿಜವಾದ ಬಾಟಲ್ ಪಾಮ್. ಗಿಡ್ಡ ಮರ, ಹೂಜಿಯ ಹಾಗೆ ಉಬ್ಬಿದ ಬೂದುಬಣ್ಣದ ಹೊಟ್ಟೆ, ಮೇಲೆ ಹೋಗುತ್ತ ಸಪೂರವಾಗುವ ಹಸಿರು ಕೊರಳು, ತಲೆಯಲ್ಲಿ ಬಾಗಿದ ಐದಾರು ಗರಿ. ಮನೆಯ ಗೇಟಿನ ಎರಡು ಪಕ್ಕಕ್ಕೆ ಜೋಡಿಯಾಗಿ ನೆಡಲು ಇದನ್ನು ಒಯ್ಯುವವರಿದ್ದಾರೆ.

ಈ ಮರದ ತವರು ಹಿಂದೂ ಮಹಾಸಾಗರದ ಒಂದು ಬಂಡೆ. ಮಾರಿಷಸ್‌ನ ಉತ್ತರಕ್ಕೆ ಸುಮಾರು 22 ಕಿಲೋಮೀಟರ್ ದೂರದಲ್ಲಿರುವ ರೌಂಡ್ ಐಲ್ಯಾಂಡ್. ಲೋಕದ ತೋಟಗಳಲ್ಲೆಲ್ಲ ಬಾಟಲ್ ಪಾಮ್ ಚಿಗುರುತ್ತಿದ್ದ 1980ರ ದಶಕದಲ್ಲಿ, ಆ ತವರಿನಲ್ಲಿ ಉಳಿದಿದ್ದ ಬಲಿತ ಮರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದು ಹಾಗೇಕಾಯಿತು, ಆಮೇಲೆ ಏನು ಮಾಡಿದರು, ಏನು ಕೈಗೆ ಸಿಕ್ಕಿತು, ಏನು ತಪ್ಪಿಹೋಯಿತು ಎಂಬುದೇ ಈ ಪ್ರಕರಣ. ಜ್ವಾಲಾಮುಖಿ ದ್ವೀಪಗಳ ಜೀವಿಗಳ ಮೇಲೆ ಬೀಳುವ ಒತ್ತಡವನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಗಲಾಪಗೋಸ್, ಹವಾಯಿಗಳ ದೊಡ್ಡ ಕಥೆಗಳಿಗಿಂತ ಎರಡು ಚದರ ಕಿಲೋಮೀಟರಿನ ಈ ಪುಟ್ಟ ದ್ವೀಪ ಹೆಚ್ಚು ಕಲಿಸುತ್ತದೆ ಎಂದು ನನಗನ್ನಿಸುತ್ತದೆ. ಇಲ್ಲಿ ಯಾವ ಕಾರಣಕ್ಕೆ ಯಾವ ಫಲ ಬಂತು ಎಂಬುದು ಕಣ್ಣಿಗೆ ಕಾಣುತ್ತದೆ.

ದ್ವೀಪದ ರೂಪ ಮೊದಲು ಹೇಳಬೇಕು. ಸಮುದ್ರದಡಿಯಿಂದ ಚಿಮ್ಮಿದ ಜ್ವಾಲಾಮುಖಿಯ ಬೂದಿ ಪದರದ ಮೇಲೆ ಪದರವಾಗಿ ಬಿದ್ದು, ಗಟ್ಟಿಯಾಗಿ ಕಲ್ಲಾದ ಗುಡ್ಡ ಇದು. ಎತ್ತರ 280 ಮೀಟರ್. ಇಳಿಜಾರೆಲ್ಲ ಚಪ್ಪಡಿ ಹಾಸಿದಂಥ ಬರಿಬಂಡೆ, ನಡುನಡುವೆ ಮಳೆನೀರು ಕೊರೆದ ಆಳವಾದ ಕೊರಕಲು. ಬಂದರಿಲ್ಲ, ದೋಣಿ ಎಳೆದು ನಿಲ್ಲಿಸುವ ಮರಳದಂಡೆಯಿಲ್ಲ. ದೋಣಿ ಅಲೆಯ ಮೇಲೇರಿದಾಗ ಬಂಡೆಯ ಅಂಚಿಗೆ ಹಾರಿ ಇಳಿಯಬೇಕು. ಹೊತ್ತು ತಪ್ಪಿದರೆ ಅಲೆ ಕೆಳಗಿಳಿದಿರುತ್ತದೆ. ಇಳಿಯುವುದು ಇಷ್ಟು ಕಷ್ಟವಾದದ್ದೇ ಈ ದ್ವೀಪದ ಭಾಗ್ಯ. ಮಾರಿಷಸ್‌ನ ಮುಖ್ಯ ಭೂಮಿಯನ್ನು ತುಂಬಿಕೊಂಡ ಇಲಿ ಇಲ್ಲಿಗೆ ಕಾಲಿಡಲೇ ಇಲ್ಲ.

ಸಾಗರದ ನಡುವೆ ಹುಟ್ಟಿದ ಜ್ವಾಲಾಮುಖಿ ದ್ವೀಪ ಯಾವ ಖಂಡಕ್ಕೂ ಅಂಟಿಕೊಂಡಿರಲಿಲ್ಲ. ಅಲ್ಲಿರುವ ಪ್ರತಿ ಜೀವಿಯೂ ಹಾರಿಯೋ ತೇಲಿಯೋ ಹಕ್ಕಿಯ ಹೊಟ್ಟೆಯಲ್ಲೋ ಬಂದದ್ದು. ಮಾರಿಷಸ್‌ಗೆ ಬಾವಲಿಗಳನ್ನು ಬಿಟ್ಟರೆ ನೆಲದ ಸಸ್ತನಿ ಒಂದೂ ತಾನಾಗಿ ಬಂದು ತಲುಪಿರಲಿಲ್ಲ. ಆದ್ದರಿಂದ ನಮ್ಮಲ್ಲಿ ದನ, ಜಿಂಕೆ, ಮೊಲ ಮಾಡುವ ಕೆಲಸವನ್ನು ಅಲ್ಲಿ ದೈತ್ಯ ಆಮೆಗಳು ಮಾಡುತ್ತಿದ್ದವು. ನಮ್ಮಲ್ಲಿ ಮುಂಗುಸಿ, ಕಾಡುಬೆಕ್ಕು ಮಾಡುವ ಬೇಟೆಯನ್ನು ಹಾವು, ಹಾವುರಾಣಿ, ಹಕ್ಕಿಗಳು ಹಂಚಿಕೊಂಡಿದ್ದವು. ಅಲ್ಲಿಯ ಸಸಿಗಳು ಆಮೆಯ ಬಾಯಿಗೆ ಹೊಂದಿಕೊಂಡು ಬೆಳೆದವು, ಆಡಿನ ಬಾಯಿಯನ್ನು ಅವು ಕಂಡಿರಲಿಲ್ಲ.

ಮುಖ್ಯ ದ್ವೀಪದಲ್ಲಿ ಆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಡೋಡೋ 17ನೇ ಶತಮಾನ ಮುಗಿಯುವ ಮೊದಲೇ ಹೋಯಿತು. ಹಡಗಿನ ಇಲಿ, ಹಂದಿ, ಕೋತಿ, ಬೆಕ್ಕು ಒಂದರ ಹಿಂದೆ ಒಂದು ಬಂದವು. ನಮ್ಮ ಗೊರವಂಕ ಕೂಡ ಮಿಡತೆ ತಿನ್ನಲಿ ಎಂದು ಭಾರತದಿಂದ ಅಲ್ಲಿಗೆ ಹೋದದ್ದು, 18ನೇ ಶತಮಾನದಲ್ಲಿ. 1900ರ ಸುಮಾರಿಗೆ ಇಲಿಗಳನ್ನು ಹಿಡಿಯಲೆಂದು ಮುಂಗುಸಿಯನ್ನು ಬಿಟ್ಟರು. ಅದು ಇಲಿಯ ಜೊತೆ ಕೈಗೆ ಸಿಕ್ಕ ನೆಲಹಕ್ಕಿಗಳನ್ನೂ ತಿಂದಿತು. ಏಷ್ಯಾದಿಂದ ಸುಂಡಿಲಿ ಬಂತು, ತೋಳಹಾವು ಬಂತು. ಇಷ್ಟೆಲ್ಲ ಆದಮೇಲೆ ಮಾರಿಷಸ್‌ನ ದೊಡ್ಡ ಹಾವುರಾಣಿಗಳು, ದೊಡ್ಡ ಹಲ್ಲಿಗಳು, ಬೋವಾ ಹಾವುಗಳು ಮುಖ್ಯ ಭೂಮಿಯಲ್ಲಿ ಮೂಳೆಯಾಗಿ ಮಾತ್ರ ಉಳಿದವು. ಜೀವಂತವಾಗಿ ಉಳಿದದ್ದು ಇಲಿ ಇಲ್ಲದ ರೌಂಡ್ ಐಲ್ಯಾಂಡಿನಲ್ಲಿ. ಎಂಟು ಜಾತಿಯ ಸರೀಸೃಪಗಳು ಅಲ್ಲಿದ್ದವು. ಒಂದಿಡೀ ನಾಡಿನ ಬಿತ್ತನೆ ಬೀಜವನ್ನೆಲ್ಲ ಒಂದೇ ಮಡಕೆಯಲ್ಲಿ ಇಟ್ಟ ಹಾಗೆ.

ಈ ಎಂಟರಲ್ಲಿ ಎರಡು ಹಾವುಗಳ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ಒಂದನ್ನು ರೌಂಡ್ ಐಲ್ಯಾಂಡ್ ಬೋವಾ ಎನ್ನುತ್ತಾರೆ. ಒಂದು ಮೀಟರಿಗಿಂತ ತುಸು ಉದ್ದ, ಸಪೂರ ಮೈ, ಹುರುಪೆಗಳ ಮೇಲೆ ಸಣ್ಣ ಏಣು. ಮರಿಯಿದ್ದಾಗ ಕಿತ್ತಳೆ ಬಣ್ಣ, ಬೆಳೆದಮೇಲೆ ಕಂದು. ಹಗಲಿಗೂ ರಾತ್ರಿಗೂ ಮೈಬಣ್ಣದ ಗಾಢತೆ ಬದಲಾಗುತ್ತದೆ. ಆದರೆ ಅಚ್ಚರಿ ಇರುವುದು ಬಾಯೊಳಗೆ. ನಿಮ್ಮ ಮೇಲ್ದವಡೆಯ ಮೂಳೆಯನ್ನು ಒಮ್ಮೆ ನಾಲಗೆಯಿಂದ ಮುಟ್ಟಿ ನೋಡಿ. ಪ್ರತಿ ಪಕ್ಕದಲ್ಲೂ ಅದು ಒಂದೇ ತುಂಡು. ನಾಯಿಗೆ, ಕಪ್ಪೆಗೆ, ನಾಗರಹಾವಿಗೆ ಕೂಡ ಹಾಗೆಯೇ. ಈ ಬೋವಾಗಳಲ್ಲಿ ಮಾತ್ರ ಆ ಮೂಳೆ ನಡುವೆ ಮುರಿದು, ಮುಂದಿನ ತುಂಡು ಹಿಂದಿನ ತುಂಡಿಗೆ ಕೀಲಿನ ಹಾಗೆ ಸೇರಿಕೊಂಡಿದೆ. ನುಣುಪು ಹುರುಪೆಯ, ಗಟ್ಟಿ ಮೈಯ ಹಾವುರಾಣಿ ಜಾರಿಹೋಗದಂತೆ ಬಾಯಿ ಅದರ ಮೈಯ ದುಂಡಿಗೆ ತಕ್ಕಂತೆ ಬಾಗುತ್ತದೆ. ನೆಲದ ಮೇಲೆ ಬದುಕುವ ಬೆನ್ನೆಲುಬಿನ ಪ್ರಾಣಿಗಳಲ್ಲಿ ಇಂಥ ಮೇಲ್ದವಡೆ ಬೇರೆಲ್ಲೂ ಇಲ್ಲ. ಈ ಕುಟುಂಬದಲ್ಲಿ ಇದ್ದದ್ದೇ ಎರಡು ಜಾತಿ. ಎರಡೂ ಇಲ್ಲಿಯವು. ಎರಡನೆಯದು ಬಿಲ ತೋಡುವ ಬೋವಾ, ಮಣ್ಣಿನಲ್ಲಿ, ಗರಿ ಉದುರಿ ಕೊಳೆತ ಕಸದಡಿಯಲ್ಲಿ ಬದುಕುತ್ತಿದ್ದದ್ದು.

ಮಣ್ಣು ಎಂಬ ಮಾತು ಬಂತಲ್ಲ, ಕಥೆ ತಿರುಗುವುದೇ ಅಲ್ಲಿ.

19ನೇ ಶತಮಾನದಲ್ಲಿ ಈ ದ್ವೀಪಕ್ಕೆ ಮೊಲ ಮತ್ತು ಆಡುಗಳನ್ನು ತಂದು ಬಿಟ್ಟರು. ಹಡಗು ಒಡೆದು ದಡ ಸೇರಿದವರಿಗೆ, ಬೇಟೆಗೆ ಬಂದವರಿಗೆ ಊಟಕ್ಕಾಗಲಿ ಎಂದು ದೂರದ ದ್ವೀಪಗಳಲ್ಲಿ ಹೀಗೆ ಬಿಡುವುದು ಆಗಿನ ನಾವಿಕರ ರೂಢಿ. ಆಗ ಗುಡ್ಡದ ಮೇಲ್ಭಾಗದಲ್ಲಿ ಗಟ್ಟಿಮರಗಳ ಕಾಡಿತ್ತು, ಕೆಳಗೆ ತಾಳೆಯ ಬಳಗದ ಮರಗಳು. ಗಟ್ಟಿಮರದ ಕಾಡು ಪೂರ್ತಿ ಹೋಯಿತು. ಉಳಿದದ್ದು ನಮ್ಮ ತಾಳೆಮರದಂತೆ ಬೀಸಣಿಗೆ ಗರಿಯ ಲಟಾನಿಯಾ ಪಾಮ್, ನಮ್ಮ ಕೇದಗೆಯ ಬಂಧುವಾದ ಪಂಡಾನಸ್, ಅಲ್ಲೊಂದು ಇಲ್ಲೊಂದು ಬಾಟಲ್ ಪಾಮ್, ಹರಿಕೇನ್ ಪಾಮ್. ಅವೂ ಮುದಿ ಮರಗಳೇ. ಕಾಯಿ ಬಿಡುತ್ತಿದ್ದವು, ಕಾಯಿ ಬಿದ್ದು ಮೊಳೆಯುತ್ತಿತ್ತು, ಮೊಳಕೆಯನ್ನು ಮೊಲ ತಿನ್ನುತ್ತಿತ್ತು. ದೂರದಿಂದ ನೋಡಿದವರಿಗೆ ಹಸಿರು ಕಾಣುತ್ತಿತ್ತು. ಹತ್ತಿರ ಹೋದರೆ ಮಕ್ಕಳೇ ಇಲ್ಲದ ಊರು.

ಬೇರು ಹೋದಮೇಲೆ ಮಣ್ಣು ನಿಲ್ಲಲಿಲ್ಲ. ಚಂಡಮಾರುತದ ಮಳೆ ಒಂದೇ ರಾತ್ರಿಯಲ್ಲಿ ಗುಡ್ಡವನ್ನು ತೊಳೆಯುವ ಸೀಮೆ ಅದು. ನಮ್ಮ ಮಲೆನಾಡಿನ ಗುಡ್ಡ ಬೋಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ, ಅಲ್ಲಿ ಕೊಚ್ಚಿಹೋದ ಮಣ್ಣು ಕೆಳಗಿನ ಗದ್ದೆಗೆ ಸೇರುವುದಿಲ್ಲ, ನೇರ ಸಮುದ್ರಕ್ಕೆ ಬೀಳುತ್ತದೆ. ಬಿಲ ತೋಡುವ ಬೋವಾಕ್ಕೆ ತೋಡಲು ನೆಲ ಉಳಿಯಲಿಲ್ಲ.

1957ರಲ್ಲಿ ದ್ವೀಪವನ್ನು ರಕ್ಷಿತ ಪ್ರದೇಶವೆಂದು ಘೋಷಿಸಿದರು. ಆ ಘೋಷಣೆ ಆಡಿನ ಬಾಯಿ ಕಟ್ಟಲಿಲ್ಲ. ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಡು, ಮೊಲ ಎರಡೂ ರಕ್ಷಿತ ಪ್ರದೇಶದೊಳಗೇ ಮೇಯುತ್ತಿದ್ದವು. ಬಿಲ ತೋಡುವ ಬೋವಾ ಕೊನೆಯ ಬಾರಿ ಕಂಡದ್ದು 1975ರಲ್ಲಿ. ಆಡುಗಳನ್ನು ಪೂರ್ತಿ ತೆಗೆದದ್ದು 1979ರಲ್ಲಿ. ನಡುವಿನ ಅಂತರ ನಾಲ್ಕು ವರ್ಷ. ಈ ಪ್ರಕರಣವನ್ನು ಎಷ್ಟು ಸಲ ಓದಿದರೂ ನನ್ನ ಕಣ್ಣು ಬಂದು ನಿಲ್ಲುವುದು ಈ ಎರಡು ಇಸವಿಗಳ ಮೇಲೆ. ಆಡು ಏನು ಮಾಡುತ್ತಿದೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ, 19ನೇ ಶತಮಾನದಲ್ಲಿ ಅಲ್ಲಿಗೆ ಹೋಗಿ ಬಂದವರೇ ಅಲ್ಲಿಯ ವಿಚಿತ್ರ ಹಾವು, ಪಾಮ್‌ಗಳ ಬಗ್ಗೆ ಬರೆದಿಟ್ಟಿದ್ದರು. ಕಾರಣವೂ ಗೊತ್ತು, ಮದ್ದೂ ಗೊತ್ತು, ಆದರೆ ಇಪ್ಪತ್ತು ವರ್ಷ ಯಾರೂ ಕೈಹಾಕಲಿಲ್ಲ. ಆಡುಗಳನ್ನು ಹತ್ತು ವರ್ಷ ಮೊದಲೇ ತೆಗೆದಿದ್ದರೆ ಆ ಹಾವು ಉಳಿಯುತ್ತಿತ್ತು ಎಂದು ಪ್ರಮಾಣ ಮಾಡಿ ಹೇಳಲು ಬರುವುದಿಲ್ಲ. ಉಳಿಯುವ ಅವಕಾಶವನ್ನಾದರೂ ನಾವು ಅದಕ್ಕೆ ಕೊಡಬಹುದಿತ್ತು, ಕೊಡಲಿಲ್ಲ.

ಕೆಲಸಕ್ಕೆ ಚುರುಕು ಬಂದದ್ದು 1970ರ ದಶಕದ ನಡುವೆ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನ ಜೆರ್ಸಿ ದ್ವೀಪದಲ್ಲಿ ಪ್ರಾಣಿಸಂಗ್ರಹಾಲಯ ಕಟ್ಟಿದ್ದ ಜೆರಾಲ್ಡ್ ಡರೆಲ್ ಮಾರಿಷಸ್‌ಗೆ ಬಂದಮೇಲೆ. ಅವರ ತಂಡ ರೌಂಡ್ ಐಲ್ಯಾಂಡಿನಿಂದ ಬೋವಾ, ಟೆಲ್ಫೇರ್ ಹಾವುರಾಣಿ, ಗುಂಥರ್ ಹಲ್ಲಿಗಳನ್ನು ಜೆರ್ಸಿಗೆ ಒಯ್ದು ಮರಿ ಮಾಡಿಸಿತು. ದ್ವೀಪದಲ್ಲಿ ಏನಾದರೂ ಅನಾಹುತವಾದರೆ ಬೀಜ ಉಳಿದಿರಲಿ ಎಂದು. ಜೆರ್ಸಿಗೆ ಹೋಗಿ ಮರಿ ಮಾಡಿದ್ದು ಒಂದು ಜಾತಿಯ ಬೋವಾ ಮಾತ್ರ. ಇನ್ನೊಂದಕ್ಕೆ ಹೊತ್ತು ಮೀರಿತ್ತು.

ಆಡು ಹೋದಮೇಲೂ ಮೊಲ ಉಳಿದಿತ್ತು. ಆಡನ್ನು ಗುಂಡಿಕ್ಕಿ ಮುಗಿಸಬಹುದು, ಬಂಡೆಯ ಸಂದಿಗಳಲ್ಲಿ ಅಡಗುವ ಸಾವಿರಾರು ಮೊಲಗಳನ್ನು ಹಾಗೆ ಮುಗಿಸಲಾಗದು. ಒಂದು ಜೋಡಿ ಉಳಿದರೂ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. 1986ರಲ್ಲಿ ನ್ಯೂಜಿಲೆಂಡಿನಿಂದ ಡಾನ್ ಮರ್ಟನ್ ಬಂದರು. ಇಡೀ ಜಾತಿಯೇ ಐದು ಹಕ್ಕಿಗಳಿಗೆ ಇಳಿದಿದ್ದ ಚಾಥಮ್ ದ್ವೀಪಗಳ ಬ್ಲ್ಯಾಕ್ ರಾಬಿನ್ ಅನ್ನು ಉಳಿಸಿದವರು ಇವರೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಡಿಫಾಕಮ್ ಎಂಬ ವಿಷದ ಗುಳಿಗೆಗಳನ್ನು ಅವರ ತಂಡ ದ್ವೀಪದುದ್ದಕ್ಕೂ ಚೆಲ್ಲಿತು. ಉಳಿದ ಮೊಲಗಳನ್ನು ಹುಡುಕಿ ಹುಡುಕಿ ಕೊಂದಿತು. ವಿಷ ತಿಂದು ಕೆಲವು ಟೆಲ್ಫೇರ್ ಹಾವುರಾಣಿಗಳೂ ಸತ್ತವು. ಉಳಿಸಲು ಹೋದ ಪ್ರಾಣಿಯೇ ತಮ್ಮ ಕೈಯಿಂದ ಸಾಯುವುದನ್ನು ನೋಡಿಯೂ ಕೆಲಸ ನಿಲ್ಲಿಸದಿರುವುದು ಸುಲಭದ ತೀರ್ಮಾನ ಅಲ್ಲ. ಮೊಲಗಳ ಸಾವಿಗೂ ನನಗೆ ಮರುಕವಿದೆ. ಅವು ತಾವಾಗಿ ಬಂದವಲ್ಲ, ನಾವು ತಂದು ಬಿಟ್ಟವು. ಆದರೂ ಆ ತೀರ್ಮಾನ ಸರಿಯಾಗಿತ್ತು ಎಂದೇ ಹೇಳುತ್ತೇನೆ, ಏಕೆಂದರೆ ಮೊಲಕ್ಕೆ ಬದುಕಲು ಭೂಮಿಯಲ್ಲಿ ಬೇರೆ ಸಾವಿರ ಜಾಗಗಳಿದ್ದವು, ಬೋವಾಕ್ಕೆ ಆಗ ಇದ್ದದ್ದು ಇದೊಂದೇ.

ಫಲ ಬೇಗ ಕಂಡಿತು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮೊದಲ ಬಾರಿಗೆ ಲಟಾನಿಯಾ ಮೊಳಕೆ ಎರಡನೆಯ ಗರಿ ಬಿಟ್ಟಿತು, ಮೂರನೆಯದನ್ನೂ ಬಿಟ್ಟಿತು. ಬಾಟಲ್ ಪಾಮ್ ಸಸಿಗಳು ಎದ್ದವು. ಉದುರಿದ ಗರಿಗಳಡಿಯಲ್ಲಿ ಹುಳ ಹೆಚ್ಚಿದವು, ಹುಳ ತಿನ್ನುವ ಹಲ್ಲಿ, ಹಾವುರಾಣಿಗಳು ಹೆಚ್ಚಿದವು, ಅವನ್ನು ತಿನ್ನುವ ಬೋವಾ ಹೆಚ್ಚಿತು. 1970ರ ದಶಕದಲ್ಲಿ ನೂರಕ್ಕೂ ಕಡಿಮೆ ಎಂದು ಅಂದಾಜಿಸಿದ್ದ ಬೋವಾಗಳು ಸಾವಿರದ ಲೆಕ್ಕಕ್ಕೆ ಬಂದವು. ಟೆಲ್ಫೇರ್ ಹಾವುರಾಣಿಗಳು ಹತ್ತಾರು ಸಾವಿರ. ಅಂಗೈಯಿಂದ ಮೊಣಕೈವರೆಗಿನ ಉದ್ದದ ಈ ಪ್ರಾಣಿಗೆ ಮನುಷ್ಯನ ಅಂಜಿಕೆ ಇಲ್ಲ. ಕೂತವರ ಕಾಲಮೇಲೆ ಹತ್ತುತ್ತದೆ, ಊಟದ ಡಬ್ಬಿಗೆ ತಲೆ ಹಾಕುತ್ತದೆ. ಹುಳ, ಹಣ್ಣು, ತನ್ನದೇ ಬಳಗದ ಚಿಕ್ಕ ಹಾವುರಾಣಿ, ಎಲ್ಲವೂ ಅದಕ್ಕೆ ಆಹಾರ. ಹಣ್ಣು ತಿಂದು ಬೀಜವನ್ನು ಬೇರೆಡೆ ಹಾಕುವುದರಿಂದ ಕಾಡು ಹಬ್ಬಿಸುವ ಕೂಲಿಯೂ ಅದೇ.

ಹರಿಕೇನ್ ಪಾಮ್‌ನ ಕಥೆ ಇಷ್ಟು ಸುಖದ್ದಲ್ಲ. ರೌಂಡ್ ಐಲ್ಯಾಂಡಿನದೇ ಆದ ಆ ಉಪಜಾತಿಯಲ್ಲಿ ದ್ವೀಪದ ಮೇಲೆ ಕಡೆಗೆ ಒಂದೇ ಮರ ನಿಂತಿತ್ತು. ಅದರ ಬೀಜದಿಂದ ಸಸಿ ಮಾಡಿ ನೆಡುವ ಕೆಲಸ ನಡೆಯಿತು. ಒಂದೇ ಮರದ ಸಂತತಿ ಎಂದರೆ ವಂಶದ ಬುಡ ಎಷ್ಟು ಕಿರಿದು ಎಂಬುದನ್ನು ಬೇಸಾಯ ಬಲ್ಲವರು ಊಹಿಸಬಹುದು.

ಇಲ್ಲಿಗೆ ಮುಗಿದಿದ್ದರೆ ಇದು ಚೆಂದದ ಯಶೋಗಾಥೆ. ಆದರೆ ಮೊಲ ಹೋದಮೇಲೆ ಮೇಲೆದ್ದದ್ದು ಪಾಮ್ ಮೊಳಕೆ ಒಂದೇ ಅಲ್ಲ, ಹೊರಗಿನಿಂದ ಬಂದ ಕಳೆಯೂ ಎದ್ದಿತು. ಅಮೆರಿಕದ ಉಷ್ಣವಲಯದ ಡೆಸ್ಮಾಂಥಸ್‌ನಂಥ ಪೊದೆಗಳು, ಹೊರಗಿನ ಹುಲ್ಲುಗಳು, ಇಷ್ಟು ಕಾಲ ಮೊಲ ಮೇಯ್ದು ತಗ್ಗಿಸಿದ್ದವು, ಈಗ ತಡೆಯಿಲ್ಲದೆ ಹಬ್ಬಿದವು. ಮೇಲ್ಭಾಗದ ಗಟ್ಟಿಮರದ ಕಾಡು ತಾನಾಗಿ ಮರಳುವಂತಿರಲಿಲ್ಲ. ಬೀಜ ಕೊಡುವ ಮರವೂ ಇಲ್ಲ, ಬೇರೂರಲು ಮಣ್ಣೂ ಇಲ್ಲ. ಅಲ್ಲೊಂದು ನರ್ಸರಿ ಮಾಡಿ, ಬಂಡೆಯ ಸಂದಿಯಲ್ಲಿ ಒಂದೊಂದೇ ಸಸಿ ಊರಿ, ಉಪ್ಪುಗಾಳಿಗೆ ಬಲಿಯಾದವನ್ನು ಮತ್ತೆ ನೆಟ್ಟು, ಕಳೆಯನ್ನು ಕೈಯಿಂದ ಕಿತ್ತು, ಹೀಗೆ ನಡೆಯಬೇಕಾಯಿತು. ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್ ಮತ್ತು ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಸೇರಿ ದ್ವೀಪದ ಮೇಲೆ ಒಂದು ಠಾಣೆ ಕಟ್ಟಿವೆ. ವಾರ್ಡನ್‌ಗಳು ವಾರಗಟ್ಟಲೆ ಅಲ್ಲೇ ಉಳಿದು ಈ ಕೆಲಸ ಮಾಡುತ್ತಾರೆ. ಆದರೆ ಎರಡು ಚದರ ಕಿಲೋಮೀಟರ್ ಇಳಿಜಾರಿನ ಕಳೆಯನ್ನು ಎಷ್ಟು ಕೈಗಳು ಎಷ್ಟು ವರ್ಷ ಕೀಳಬಲ್ಲವು?

ತಪ್ಪಿಹೋಗಿದ್ದ ಕೊಂಡಿ ಯಾವುದೆಂದು ಆಗ ಗೊತ್ತಾಯಿತು. ಈ ದ್ವೀಪದಲ್ಲಿ ಮೇಯುವ ಪ್ರಾಣಿಯೇ ಇರಬಾರದು ಎಂದಿರಲಿಲ್ಲ. ಆಡು, ಮೊಲ ಬರುವ ಮೊದಲು ಇಲ್ಲಿ ಆಮೆ ಮೇಯುತ್ತಿತ್ತು. ಮಾರಿಷಸ್‌ನಲ್ಲಿ ಎರಡು ಜಾತಿಯ ದೈತ್ಯ ಆಮೆಗಳಿದ್ದವು. ಹಡಗಿನವರು ಜೀವಂತ ಮಾಂಸವೆಂದು ತುಂಬಿಕೊಂಡು ಹೋಗಿ ಎರಡನ್ನೂ ಮುಗಿಸಿದ್ದರು. ಸತ್ತ ಜಾತಿಯನ್ನು ತರುವಂತಿಲ್ಲ. ಅದರ ಕೆಲಸ ಮಾಡಬಲ್ಲ ಬೇರೆ ಜಾತಿಯನ್ನು ತರಬಹುದೇ?

ಇದಕ್ಕೆ ಉತ್ತರ ಹಳೆಯ ಒಂದು ಪತ್ರದ ದಯೆಯಿಂದ ಮಾರಿಷಸ್‌ನಲ್ಲೇ ಸಿದ್ಧವಾಗಿತ್ತು. 1874ರಲ್ಲಿ ಚಾರ್ಲ್ಸ್ ಡಾರ್ವಿನ್, ಜೋಸೆಫ್ ಹೂಕರ್, ಆಲ್ಬರ್ಟ್ ಗುಂಥರ್ ಮೊದಲಾದವರು ಮಾರಿಷಸ್‌ನ ಗವರ್ನರ್‌ಗೆ ಒಂದು ಮನವಿ ಬರೆದಿದ್ದರು. ಅಲ್ಡಾಬ್ರಾ ಹವಳದ್ವೀಪದಲ್ಲಿ ಉಳಿದಿರುವ ದೈತ್ಯ ಆಮೆಗಳನ್ನು ಕಾಪಾಡಿ, ಇಲ್ಲವಾದರೆ ಹಿಂದೂ ಮಹಾಸಾಗರದ ಕೊನೆಯ ಆಮೆಗಳೂ ಹೋಗುತ್ತವೆ ಎಂದು. ಆ ಕಾಲದಿಂದಲೂ ಮಾರಿಷಸ್‌ನ ಉದ್ಯಾನಗಳಲ್ಲಿ ಅಲ್ಡಾಬ್ರಾ ಆಮೆಗಳು ಸಂಸಾರ ಮಾಡಿಕೊಂಡಿದ್ದವು. 2000ದಲ್ಲಿ ಅವುಗಳಲ್ಲಿ ಕೆಲವನ್ನು ಆಗ್ನೇಯ ಕರಾವಳಿಯ ಇಲ್ ಒ ಎಗ್ರೆಟ್ ಎಂಬ ಪುಟ್ಟ ದ್ವೀಪದಲ್ಲಿ ಬಿಟ್ಟು ನೋಡಿದರು. ಅಲ್ಲಿಯ ಅಪರೂಪದ ಕರಿಮರದ ಹಣ್ಣನ್ನು ಅವು ಇಡಿಯಾಗಿ ನುಂಗಿದವು. ಹೊಟ್ಟೆಯಿಂದ ಹೊರಬಂದ ಬೀಜ ಮರದಿಂದ ದೂರದಲ್ಲಿ, ಸೊಗಸಾಗಿ ಮೊಳೆಯಿತು. 2007ರಲ್ಲಿ ರೌಂಡ್ ಐಲ್ಯಾಂಡಿನ ಸರದಿ. ಹನ್ನೆರಡು ಅಲ್ಡಾಬ್ರಾ ಆಮೆ, ಹನ್ನೆರಡು ಮಡಗಾಸ್ಕರಿನ ರೇಡಿಯೇಟೆಡ್ ಆಮೆಗಳನ್ನು ತಂದರು. ಆಗ ನೋಡಿದ್ದು ಇಷ್ಟು: ಅಲ್ಡಾಬ್ರಾ ಆಮೆ ಹೊರಗಿನ ಕಳೆಯನ್ನೇ ಹೆಚ್ಚು ಮೇಯ್ದು, ದ್ವೀಪದ ಸ್ವಂತ ಗಿಡಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಿತ್ತು. ಆಮೆಯ ಬಾಯಿಗೆ ಹೊಂದಿಕೊಂಡು ಸಾವಿರಾರು ವರ್ಷ ಬೆಳೆದ ಗಿಡಗಳಿಗೆ ಆಮೆಯಿಂದ ತಪ್ಪಿಸಿಕೊಳ್ಳುವ ಗುಣ ಇನ್ನೂ ಮೈಯಲ್ಲಿತ್ತು. ನೆನ್ನೆ ಮೊನ್ನೆ ಬಂದ ಕಳೆಗೆ ಅದಿರಲಿಲ್ಲ. ಆಮೇಲೆ ನೂರಾರು ಮರಿ ಆಮೆಗಳನ್ನು ತಂದು ಬಿಟ್ಟರು.

ಹೊರಗಿನ ಪ್ರಾಣಿ ತಂದು ಹಾಳಾದ ದ್ವೀಪಕ್ಕೆ ಮತ್ತೆ ಹೊರಗಿನ ಪ್ರಾಣಿಯೇ ಎಂದು ಆಕ್ಷೇಪಿಸಿದವರಿದ್ದಾರೆ. ಮುಂಗುಸಿಯ ಕಥೆ ಗೊತ್ತಿರುವ ಯಾರಿಗೂ ಆ ಅಂಜಿಕೆ ಬರಬೇಕಾದದ್ದೇ. ನನ್ನನ್ನು ಒಪ್ಪಿಸಿದ್ದು ಒಂದು ಸರಳ ಸಂಗತಿ. ಆಮೆ ವರ್ಷಗಟ್ಟಲೆ ಬೆಳೆದು ಬೆದೆಗೆ ಬರುತ್ತದೆ, ನಿಧಾನ ನಡೆಯುತ್ತದೆ, ದೊಡ್ಡದಾಗಿ ಕಾಣುತ್ತದೆ, ಅಡಗುವುದಿಲ್ಲ. ಲೆಕ್ಕ ತಪ್ಪಿದರೆ ಹೋಗಿ ಎತ್ತಿಕೊಂಡು ಬರಬಹುದು. ಮುಂಗುಸಿಯನ್ನು, ಮೊಲವನ್ನು ಬಿಟ್ಟವರಿಗೆ ಆ ಅನುಕೂಲ ಇರಲಿಲ್ಲ.

ಒಂದು ಮಾತು ಹಕ್ಕಿಗಳ ಬಗ್ಗೆ, ಬಿಟ್ಟರೆ ಮನಸ್ಸು ಒಪ್ಪುವುದಿಲ್ಲ. ಈ ದ್ವೀಪದ ಬಂಡೆಯಂಚಿನಡಿ ಬರಿ ನೆಲದಲ್ಲಿ ಮೊಟ್ಟೆಯಿಡುವ ಪೆಟ್ರೆಲ್ ಕಡಲಹಕ್ಕಿಗಳು ಒಂದೇ ಜಾತಿಯವಲ್ಲ. ಬ್ರೆಜಿಲ್ ಆಚೆಯ ಟ್ರಿಂಡಾಡೆ ದ್ವೀಪದಲ್ಲಿ ಗೂಡುಮಾಡುವ ಅಟ್ಲಾಂಟಿಕ್ ಜಾತಿ, ಶಾಂತಸಾಗರದ ಕೆರ್ಮಾಡೆಕ್ ಮತ್ತು ಹೆರಾಲ್ಡ್ ಜಾತಿಗಳು ಇಲ್ಲಿ ಸೇರಿ ಕೂಡಿ ಬೆರಕೆ ಮರಿಗಳನ್ನು ಮಾಡುತ್ತಿವೆ. ಮೂರು ಸಾಗರದ ನಂಟು ಒಂದು ಬಂಡೆಯ ಮೇಲೆ. ನೆಲದಲ್ಲೇ ಮರಿ ಬಿಟ್ಟು ಕಡಲಿಗೆ ಹೋಗುವ ಧೈರ್ಯ ಆ ಹಕ್ಕಿಗಿರುವುದು ಇಲಿ, ಬೆಕ್ಕು ಇಲ್ಲದ್ದರಿಂದ.

ಎಲ್ಲವೂ ಒಂದೇ ಬಂಡೆಯ ಮೇಲಿರುವ ಅಪಾಯ ಹಾಗೇ ಇತ್ತು. ಅದಕ್ಕಾಗಿ 1990ರ ದಶಕದಲ್ಲಿ ಇಲಿ, ಮೊಲ ತೆಗೆದು ಹಸನು ಮಾಡಿದ್ದ ಕ್ವಾನ್ ದ ಮೀರ್ ಎಂಬ ನೆರೆಯ ಜ್ವಾಲಾಮುಖಿ ದ್ವೀಪಕ್ಕೆ ಟೆಲ್ಫೇರ್ ಹಾವುರಾಣಿಗಳನ್ನು ಕೊಂಡೊಯ್ದರು. ಅವು ಅಲ್ಲಿ ಹೆಚ್ಚಿಕೊಂಡಮೇಲೆ, 2012ರಲ್ಲಿ, ಅವನ್ನು ತಿಂದು ಬದುಕುವ ಬೋವಾವನ್ನೂ ಒಯ್ದರು. ಮೊದಲು ಊಟ, ಆಮೇಲೆ ಅತಿಥಿ. ಇಲ್ ಒ ಎಗ್ರೆಟ್‌ನಲ್ಲಿ ಬಿಟ್ಟ ಹಾವುರಾಣಿಗಳಿಗೆ ಮಾತ್ರ ಅಲ್ಲಿದ್ದ ಸುಂಡಿಲಿಗಳ ಕಾಟ ತಪ್ಪಲಿಲ್ಲ. 2020ರ ಜುಲೈನಲ್ಲಿ ವಕಾಶಿಯೋ ಹಡಗು ಅದೇ ಆಗ್ನೇಯ ಕರಾವಳಿಯ ಹವಳದ ದಿಬ್ಬಕ್ಕೆ ಬಡಿದು, ಮುಂದಿನ ತಿಂಗಳು ಸುಮಾರು ಸಾವಿರ ಟನ್ ಎಣ್ಣೆ ಕಡಲಿಗೆ ಸುರಿದಾಗ, ಆ ಭಾಗದ ಪುಟ್ಟ ದ್ವೀಪಗಳ ಹಲ್ಲಿ, ಹಾವುರಾಣಿಗಳನ್ನು ಹಿಡಿದು ವಿಮಾನದಲ್ಲಿ ಜೆರ್ಸಿಗೆ ಕಳಿಸಬೇಕಾಯಿತು. ಆ ಹಡಗು ಉತ್ತರದ ದ್ವೀಪಗಳ ಕಡೆ ದಾರಿ ತಪ್ಪಿದ್ದರೆ ಎಂಬ ಯೋಚನೆ ಆಗ ಅಲ್ಲಿ ಕೆಲಸ ಮಾಡುವವರಿಗೆಲ್ಲ ಬಂದಿರಬೇಕು.

ರೌಂಡ್ ಐಲ್ಯಾಂಡಿಗೆ ಹೊರಡುವವರ ಸಾಮಾನನ್ನು ದೋಣಿ ಹತ್ತುವ ಮೊದಲೇ ಬಿಚ್ಚಿ ನೋಡುತ್ತಾರೆ. ಬೂಟಿನ ಅಡಿ, ಚೀಲದ ಜಿಪ್, ಕಾಲುಚೀಲದ ನೇಯ್ಗೆ. ಉತ್ತರಾಣಿ ಹಿತ್ತಲಲ್ಲಿ ಒಮ್ಮೆ ಓಡಾಡಿ ಬಂದರೆ ಸೀರೆಯಂಚು, ಪ್ಯಾಂಟಿನ ಕಾಲು ಹೇಗಿರುತ್ತದೆಂದು ನಮಗೆ ಗೊತ್ತು. ಅಂಥ ಒಂದು ಬೀಜ, ಅಕ್ಕಿಯ ಡಬ್ಬಿಯೊಳಗೆ ಒಂದು ಇರುವೆ, ಗಂಟಿನೊಳಗೆ ಬಸುರಿ ಇಲಿಯೊಂದು, ಯಾವುದೂ ದಾಟಬಾರದು. ಸಾಮಾನು ಪುನಃ ಬಿಗಿಯಾಗಿ ಮುಚ್ಚಿಕೊಂಡು ದೋಣಿಗೇರುತ್ತದೆ. ಬಂಡೆಯ ಬಳಿ ಅಲೆ ಏರುವುದನ್ನು ಕಾದು, ಒಬ್ಬರಾದ ಮೇಲೆ ಒಬ್ಬರು ಹಾರಿ ಇಳಿಯುತ್ತಾರೆ.